ಐದನೆಯ ಮೂಲೆ

ನಾನು ಯಾರ ಮುಲಾಜಿಗೂ ಬಿದ್ದವಳಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನಮ್ಮ ಕಣಿವೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಮೆನ್ನಾ ಅಂದರೆ ಏನು ಅಂತ ಹೇಳುತ್ತಾರೆ. ನದಿಯ ಪಕ್ಕದ ಪೈಜಾಮ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ತಪಾಸಣೆಯ ಮೇಜಿನ ಮುಂದೆ ಕೂತವಳು ನಾನು. ಹೊಲಿಗೆ ಒಂದೆಳೆ ಓರೆಯಾದರೂ ಬಟ್ಟೆ ವಾಪಸ್. ಹೊಲಿದವಳು ಅತ್ತರೂ ವಾಪಸ್, ನಕ್ಕರೂ ವಾಪಸ್. ಫ್ಯಾಕ್ಟರಿ ಮುಚ್ಚಿದ ಮೇಲೆ ಆ ಚಟ ಎಲ್ಲಿಗೆ ಹೋಗುತ್ತದೆ? ನನ್ನ ಜೊತೆಗೇ ಚಾಪೆಲ್ಲಿನ, ಅಂದರೆ ನಮ್ಮೂರ ಪುಟ್ಟ ಚರ್ಚಿನ, ಹಿಂದಿನ ಕೋಣೆಗೆ ಬಂತು.

ಆ ಕೋಣೆಯಲ್ಲಿ ಪ್ರತಿ ಮಂಗಳವಾರ ನಾವು ಹನ್ನೊಂದು ಜನ ಹೆಂಗಸರು ಸೇರುತ್ತೇವೆ. ಕ್ರೋಶಾ ಕಡ್ಡಿಯಲ್ಲಿ ಬಣ್ಣಬಣ್ಣದ ಉಣ್ಣೆಯ ಚೌಕ ಹೆಣೆಯುವುದು, ಚೌಕಗಳನ್ನು ಜೋಡಿಸಿ ಹೊದಿಕೆ ಮಾಡುವುದು. ಕೂಸು ಹುಟ್ಟಿದ ಮನೆಗೊಂದು, ಮುದುಕರ ಮೊಣಕಾಲಿಗೊಂದು, ಮದುವೆಯಾದವರ ಸೋಫಾಕ್ಕೊಂದು. ಬಣ್ಣದ ಸುತ್ತುಗಳನ್ನು ಅವರವರು ಮನೆಯಲ್ಲೇ ಹಾಕಿ ತರಬೇಕು. ಕೊನೆಯ ಕಪ್ಪು ಸುತ್ತು ಮತ್ತು ಜೋಡಣೆ ನನ್ನದು. ಕಪ್ಪು ಯಾಕೆಂದರೆ ನಮ್ಮದು ಕಲ್ಲಿದ್ದಲಿನ ಊರು. ಬೇರೆ ಯಾವ ಬಣ್ಣದ ಅಂಚು ಹಾಕಿದರೂ ಒಂದೇ ಚಳಿಗಾಲದಲ್ಲಿ ಕಪ್ಪಾಗುತ್ತಿತ್ತಂತೆ, ಅದಕ್ಕೆ ನಮ್ಮ ಅಜ್ಜಿಯರು ಮೊದಲೇ ಕಪ್ಪು ಹಾಕಿಬಿಟ್ಟರು. ಗಣಿ ಮುಚ್ಚಿ ಕಾಲವಾಯಿತು, ಅಂಚು ಮಾತ್ರ ಹಾಗೇ ಇದೆ.

ಮೇಜಿನ ಮೇಲೆ ನನ್ನೆದುರು ಬಿಸ್ಕತ್ತು ಡಬ್ಬಿಯ ಒಂದು ಚೌಕ ಮುಚ್ಚಳ ಇರುತ್ತದೆ. ತಂದ ಚೌಕ ಆ ಮುಚ್ಚಳದ ಮೇಲೆ ನಾಲ್ಕೂ ಮೂಲೆಗೆ ಸರಿಯಾಗಿ ಕೂತರೆ ಪಾಸು. ಕೂರದಿದ್ದರೆ ನಾನು ಎಲ್ಲರೆದುರೇ ಅದರ ಬಾಲದ ಎಳೆ ಹಿಡಿದು ಸರ್ರನೆ ಬಿಚ್ಚುತ್ತೇನೆ. ಉಣ್ಣೆಯನ್ನು ಉಂಡೆ ಸುತ್ತಿ ಹಾಕಿದವಳ ಕೈಗೇ ವಾಪಸ್ ಕೊಡುತ್ತೇನೆ. ಬ್ಲೋಡ್ವೆನ್ ಅಂತ ಒಬ್ಬಳಿದ್ದಾಳೆ, ಪೋಸ್ಟಾಫೀಸಿನಲ್ಲಿದ್ದವಳು. ಒಂದೇ ಚೌಕವನ್ನು ನಾಲ್ಕು ವಾರ ವಾಪಸ್ ತಗೊಂಡು ಹೋದವಳು. "ಇವಳು ಸತ್ತು ಮೇಲಕ್ಕೆ ಹೋದ್ರೆ ದೇವರ ಮೋಡಗಳನ್ನೂ ಮುಚ್ಚಳದ ಮೇಲಿಟ್ಟು ನೋಡ್ತಾಳೆ ಕಣ್ರೇ" ಅಂತ ಅವಳು ಅಂದದ್ದು ಇವತ್ತಿಗೂ ಚಾಪೆಲ್ಲಿನಲ್ಲಿ ಓಡಾಡುತ್ತಿದೆ. ಆದರೆ ಹೀಗೆ ಆಡಿಕೊಳ್ಳುವವರಿಗೂ ಒಂದು ನೆಮ್ಮದಿ ಇತ್ತು. ಮೆನ್ನಾ ವಾಪಸ್ ಕೊಡಲಿಲ್ಲ ಅಂದರೆ ಚೌಕ ಸರಿ ಇದೆ. ಅದರ ಮೇಲೆ ಎರಡನೇ ಮಾತಿಲ್ಲ.

ಇಷ್ಟು ಕಟ್ಟುನಿಟ್ಟಿನವಳಿಗೆ ಕ್ರೋಶಾ ಕಲಿಸಿದವಳು ನನ್ನ ಗೋಡೆಯಾಚೆಯ ಐರ್ವೆನ್. ನಮ್ಮ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಅವಳ ಅಡುಗೆಮನೆಗೂ ನನ್ನ ಅಡುಗೆಮನೆಗೂ ಮಧ್ಯೆ ಒಂದೇ ಗೋಡೆ. ನನ್ನ ಗಂಡ ಇದ್ರಿಸ್ ಗಣಿಯ ಧೂಳು ಎದೆಗೆ ಕೂತು ಸತ್ತಾಗ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೇ ವಾರ ಐರ್ವೆನ್ ಹಿತ್ತಿಲ ಬಾಗಿಲಿಂದ ಬಂದು, ಸಮಾಧಾನದ ಒಂದು ಮಾತೂ ಆಡದೆ, ನನ್ನ ಕೈಗೆ ಕಡ್ಡಿ ತುರುಕಿ ಬೆರಳಿಗೆ ಉಣ್ಣೆ ಸುತ್ತಿದಳು. ಉದ್ದ ಗಂಟಿಗೆ ಕಂಬ ಅನ್ನುತ್ತೇವೆ, ಸಣ್ಣ ಕುಣಿಕೆಗೆ ಸರಪಳಿ. ಮೂರು ಕಂಬ, ಎರಡು ಸರಪಳಿ, ಮೂರು ಕಂಬ, ಇದು ಮೂಲೆ. ಇಂಥ ಮೂಲೆ ನಾಲ್ಕು. ಮೂಲೆ ಬಿಟ್ಟ ಕಡೆ ಬರೀ ಮೂರು ಕಂಬ. ಅಷ್ಟೇ ವಿದ್ಯೆ. ಅವಳು ಹೋಗುವಾಗ, ನಾಳೆಯಿಂದ ಬೆಳಗ್ಗೆ ಏಳು ಗಂಟೆಗೆ ಚಮಚದಲ್ಲಿ ಗೋಡೆ ತಟ್ಟುತ್ತೇನೆ, ನೀನೂ ತಟ್ಟಬೇಕು, ತಟ್ಟದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಅಂತ ಗದರಿದಳು. ಅಂದಿನಿಂದ ಹತ್ತೊಂಬತ್ತು ವರ್ಷ ಆ ಗೋಡೆ ಒಂದು ದಿನವೂ ತಪ್ಪಿಸಲಿಲ್ಲ.

ಐರ್ವೆನ್‌ಳ ಚೌಕವನ್ನು ಕಣ್ಣು ಮುಚ್ಚಿ ಗುರುತಿಸಬಹುದಿತ್ತು. ನಡುವೆ ಯಾವಾಗಲೂ ಮೊಟ್ಟೆಯ ಹಳದಿ, ಅವಳಮ್ಮನ ಪದ್ಧತಿ. ಕೈ ಸಡಿಲ, ಮೆತ್ತಗೆ. ನನ್ನದು ಬಿಗಿ. ಹಿಂಡಿದ ಬಟ್ಟೆಯ ಹಾಗಿದೆ ಕಣೇ ನಿನ್ನ ಹೆಣಿಗೆ, ಹೊದ್ದುಕೊಂಡವರು ಉಸಿರಾಡಬೇಕೋ ಬೇಡವೋ ಅಂತ ಅವಳು ನನ್ನನ್ನು ಕಾಡಿಸುತ್ತಿದ್ದಳು.

ಹೋದ ವರ್ಷ ಏಪ್ರಿಲ್‌ನಲ್ಲಿ ಅವಳು ಮಂಚಕ್ಕಾಗುವ ಒಂದು ಹೊದಿಕೆ ಶುರುಮಾಡಿದಳು. ನಲವತ್ತೊಂಬತ್ತು ಚೌಕ, ಏಳರಂತೆ ಏಳು ಸಾಲು. ಅವಳ ಮಗಳು ನೆರಿಸ್ ಸ್ವಾನ್ಸೀಯಲ್ಲಿದ್ದಾಳೆ, ಒಂದು ಗಂಟೆಯ ದಾರಿ. ಮನೆಯ ಹಿಂದಿನ ಕೋಣೆಯನ್ನು ಅಮ್ಮನಿಗೆಂದು ಬಣ್ಣ ಬಳಿಸಿ ಇಟ್ಟಿದ್ದಳು. ಎಪ್ಪತ್ತಾರಾಯಿತು, ಒಬ್ಬಳೇ ಯಾಕಿರಬೇಕು, ಬಂದುಬಿಡು ಅಂತ ಅವಳು. ಕೋಣೆ ಅಲ್ಲೇ ಇರಲಿ, ಹೊದಿಕೆ ಮೊದಲು ಹೋಗಲಿ, ನಾನು ಆಮೇಲೆ ನೋಡೋಣ ಅಂತ ಇವಳು.

ಮೊದಲ ಹನ್ನೊಂದು ಚೌಕ ಚಿನ್ನದಂಥವು. ಹನ್ನೆರಡನೆಯದನ್ನು ಮಂಗಳವಾರ ನನ್ನ ಮುಂದಿಟ್ಟಾಗ ಅದು ಮುಚ್ಚಳದ ಮೇಲೆ ಕೂರಲಿಲ್ಲ, ಅಂಚೆಲ್ಲ ಅಲೆಅಲೆಯಾಗಿ ಎದ್ದಿತ್ತು. ಎಣಿಸಿ ನೋಡಿದೆ. ಐದು ಮೂಲೆ. ಹೊಸದಾಗಿ ಕಡ್ಡಿ ಹಿಡಿದ ಹುಡುಗಿಯರು ಮಾಡುವ ತಪ್ಪು ಅದು, ಮೂಲೆಯಲ್ಲದ ಕಡೆ ಮೂಲೆ ಹಾಕುವುದು. ಐವತ್ತು ವರ್ಷದಿಂದ ಹೆಣೆಯುತ್ತಿದ್ದವಳ ಕೈ ಮಾಡುವುದಲ್ಲ. ತಲೆಯೆತ್ತಿದೆ. ಐರ್ವೆನ್ ಚಹಾಕ್ಕೆ ಮೂರನೇ ಸಲ ಸಕ್ಕರೆ ಹಾಕುತ್ತಿದ್ದಳು, ಅವಳು ಚಹಾಕ್ಕೆ ಸಕ್ಕರೆಯನ್ನೇ ಹಾಕದವಳು. ಬ್ಲೋಡ್ವೆನ್ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಚೌಕವನ್ನು ಮಡಿಸಿ ಪಾಸಾದವುಗಳ ಕೆಳಗೆ ತಳ್ಳಿದೆ.

ಅವತ್ತು ಮನೆಗೆ ಬಂದು ಬಿಚ್ಚಿದೆ. ಬಿಚ್ಚಿದ ಉಣ್ಣೆ ಸುರುಳಿ ಸುರುಳಿಯಾಗಿರುತ್ತದೆ, ಕೆಟಲಿನ ಹಬೆಗೆ ಹಿಡಿದು ನೆಟ್ಟಗೆ ಮಾಡಿದೆ. ಅವಳ ಸಡಿಲ ಕೈ ಬರಲಿ ಅಂತ ಒಂದು ನಂಬರು ದಪ್ಪ ಕಡ್ಡಿ ತಗೊಂಡೆ. ನಡುವೆ ಹಳದಿ, ನಾಲ್ಕು ಮೂಲೆ, ಎಲ್ಲ ಅವಳ ಹಾಗೇ. ಏನೋ ಒಂದು ವಾರ ಅವಳ ತಲೆ ನೆಟ್ಟಗಿರಲಿಲ್ಲ, ಅಷ್ಟಕ್ಕೇ ಆ ಬ್ಲೋಡ್ವೆನ್ ಬಾಯಿಗೆ ಯಾಕೆ ಹಾಕಬೇಕು ಅಂದುಕೊಂಡೆ. ಆ ಮೊದಲ ದಿನ ನಾನು ಮಾಡಿದ್ದು ಪ್ರೀತಿಯಿಂದ, ಬೇರೇನೂ ಇರಲಿಲ್ಲ.

ಹದಿಮೂರನೆಯದೂ ಐದು ಮೂಲೆಯದೇ. ಹದಿನಾಲ್ಕನೆಯದಕ್ಕೆ ಮೂರೇ ಮೂಲೆ, ಬಟ್ಟಲಿನ ಹಾಗೆ ಮುದುಡಿಕೊಂಡಿತ್ತು. ಆಮೇಲೆ ನಾನು ಅವಳನ್ನು ಮಂಗಳವಾರಕ್ಕೆ ಬಿಡಲೇ ಇಲ್ಲ. ಸೋಮವಾರವೇ ಅವಳ ಹಿತ್ತಿಲ ಬಾಗಿಲಿಗೆ ಹೋಗಿ, ಕೊಡು ಇಲ್ಲಿ, ನಾನೇ ಒಯ್ಯುತ್ತೇನೆ ಅಂತ ಇಸಿದುಕೊಂಡು ಬರುತ್ತಿದ್ದೆ. ಬಿಚ್ಚುವುದು, ಹಬೆ ಹಿಡಿಯುವುದು, ಹೆಣೆಯುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬೇಸಿಗೆ ಕಳೆದೆ.

ಆಗಸ್ಟಿನಲ್ಲಿ ಒಂದು ದಿನ ಐರ್ವೆನ್ ನನ್ನ ಅಡುಗೆಮನೆಯಲ್ಲಿ ಕೂತು, ಜೋಡಿಸಲು ಸಾಲಾಗಿಟ್ಟ ಚೌಕವೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಾನು ಹಾಕಿದ್ದಾ ಮೆನ್ನಾ?"

"ಮತ್ತೆ ನಿಮ್ಮಜ್ಜಿ ಎದ್ದು ಬಂದು ಹಾಕಿದ್ಲಾ?" ಅಂದೆ ನಾನು.

ಅವಳು ನಕ್ಕಳು. ಎಷ್ಟು ಹಗುರಾಗಿ ನಕ್ಕಳೆಂದರೆ ನನಗೂ ನಗು ಬಂತು. "ಹಾಗಾದ್ರೆ ಸರಿ ಬಿಡು" ಅಂದಳು. "ನಂಗೆ ಹಾಕ್ವಾಗ ಒಂದೊಂದ್ಸಲ ಎಲ್ಲಿದ್ದೀನಿ ಅಂತ್ಲೇ ತಿಳಿಯಲ್ಲ ಕಣೇ. ಆದ್ರೆ ನೀನು ವಾಪಸ್ ಕೊಡ್ಲಿಲ್ವಲ್ಲ." ಆ ನಾಲಿಗೆಯನ್ನು ಅವತ್ತೇ ಕತ್ತರಿಸಿ ಹಾಕಿದ್ದರೆ ಚೆನ್ನಾಗಿತ್ತು, ನನ್ನದನ್ನು.

ಅಕ್ಟೋಬರ್‌ನಲ್ಲಿ ನೆರಿಸ್ ಬಂದಳು. ಭಾನುವಾರ ಅವಳು ಅಮ್ಮನಿಗೆ ಊಟ ತರುತ್ತಾಳೆ, ಕುರಿಮಾಂಸ, ಆಲೂಗಡ್ಡೆ, ಎರಡು ದಿನಕ್ಕಾಗುವಷ್ಟು. ಆ ಭಾನುವಾರ ಅಮ್ಮ ಮಲಗಿದ ಹೊತ್ತು ನೋಡಿ ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಕೂಸಾಗಿದ್ದಾಗಿನಿಂದ ಕಂಡ ಹುಡುಗಿ, ಈಗ ಐವತ್ತಾಗಿದೆ, ಕೂದಲು ಬೆಳ್ಳಗಾಗುತ್ತಿದೆ. ಅಮ್ಮ ಒಂದೇ ಮಾತನ್ನು ನಾಲ್ಕು ಸಲ ಹೇಳುತ್ತಾರೆ, ಬಾಣಲೆ ಸುಟ್ಟುಹೋಗಿದೆ, ಕೇಳಿದರೆ ವಯಸ್ಸಾಯಿತು ಅನ್ನುತ್ತಾರೆ ಅಂದಳು. ಡಾಕ್ಟರ ಹತ್ತಿರ ಕರೆದರೆ ಬರುವುದಿಲ್ಲವಂತೆ. ತುಂಬ ಜಗಳವಾಗಿ ಕೊನೆಗೆ ತಾಯಿ ಮಗಳು ಒಂದು ಒಪ್ಪಂದಕ್ಕೆ ಬಂದಿದ್ದರಂತೆ.

"ಅಮ್ಮ ಏನಂದ್ರು ಗೊತ್ತಾ ಆಂಟಿ? ಮೆನ್ನಾ ನನ್ನ ಚೌಕ ವಾಪಸ್ ಕೊಟ್ಟ ದಿನ ಕೋಟು ಹಾಕ್ಕೊಂಡು ನಿನ್ ಜೊತೆ ಬಂದ್ಬಿಡ್ತೀನಿ, ಅಲ್ಲೀವರೆಗೂ ನನ್ ತಂಟೆಗೆ ಬರ್ಬೇಡ ಅಂದ್ರು. ಡಾಕ್ಟ್ರು ಸುಳ್ಳು ಹೇಳಬಹುದು, ಮೆನ್ನಾ ಹೇಳಲ್ಲ ಅಂತಾರೆ. ನಿಜ ಹೇಳಿ, ವಾಪಸ್ ಕೊಟ್ಟಿದ್ದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಮೇಜಿನ ಡ್ರಾಯರಿಗೆ ಹೋಯಿತು. ಅದರೊಳಗೆ ಮೇಲುಗಡೆಯೇ ಆ ವಾರದ ಚೌಕ ಇನ್ನೂ ಬಿಚ್ಚದೆ ಬಿದ್ದಿತ್ತು. ಚೌಕ ಅನ್ನುವ ಹಾಗೇ ಇರಲಿಲ್ಲ, ಹಳದಿಯ ಸುತ್ತ ಬರೀ ಗಂಟು. ಅದನ್ನು ತೆಗೆದು ಮೇಜಿನ ಮೇಲಿಟ್ಟಿದ್ದರೆ ಆಗುತ್ತಿತ್ತು. ಬಾಯಿ ತೆರೆಯುವ ಕೆಲಸವೂ ಇರಲಿಲ್ಲ.

ಆಗ ನನ್ನ ತಲೆಯಲ್ಲಿ ಬಂದದ್ದು ಏನು ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಐರ್ವೆನ್‌ಳ ಮಾನ ಅಲ್ಲ, ಅವಳ ಆಸೆಯೂ ಅಲ್ಲ. ಗೋಡೆ. ಬೆಳಗ್ಗೆ ಏಳಕ್ಕೆ ನಾನು ತಟ್ಟುತ್ತೇನೆ, ಆಚೆಯಿಂದ ಏನೂ ಬರುವುದಿಲ್ಲ. ಯಾರೋ ಹೊಸಬರು ಬಂದು ಆ ಗೋಡೆಗೆ ಟಿವಿ ನೇತುಹಾಕುತ್ತಾರೆ. ನನಗೆ ಮಕ್ಕಳಿಲ್ಲ, ಹಿಂದಿನ ಕೋಣೆಗೆ ಬಣ್ಣ ಬಳಿಸಿ ಕಾಯುವವರು ಯಾರೂ ಇಲ್ಲ. ಇನ್ನೊಂದು ವರ್ಷ ಅವಳು ಇಲ್ಲೇ ಇರಲಿ, ನಾನಿದ್ದೀನಲ್ಲ ನೋಡಿಕೊಳ್ಳೋಕೆ ಅಂದುಕೊಂಡೆ.

ಕೆಳಗಿನ ಡ್ರಾಯರು ತೆಗೆದೆ. ನಾನು ಹಾಕಿದ ಇಪ್ಪತ್ತಕ್ಕೂ ಮೇಲ್ಪಟ್ಟ ಚೌಕಗಳನ್ನು ಒಂದರ ಮೇಲೊಂದು ಮೇಜಿನ ಮೇಲಿಟ್ಟು ನೋಡಿಕೋ ಅಂದೆ. ನೆರಿಸ್ ಒಂದೊಂದನ್ನೇ ತಿರುಗಿಸಿ ನೋಡಿದಳು, ಮೂಲೆ ಎಣಿಸಿದಳು. ಅವಳ ಮುಖದ ಬಿಗಿ ಸಡಿಲವಾಗುತ್ತ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

"ಒಂದನ್ನೂ ವಾಪಸ್ ಕೊಟ್ಟಿಲ್ಲ" ಅಂದೆ. ಮಾತು ನಿಜವೇ ಆಗಿತ್ತು, ಅದೇ ಅದರ ಕೊಳಕು. ನೆರಿಸ್ ನನ್ನ ಕೆನ್ನೆಗೆ ಮುತ್ತಿಟ್ಟು, ನೀವಿರೋದು ನಮ್ಮ ಪುಣ್ಯ ಆಂಟಿ ಅಂತ ಹೇಳಿ ಹೋದಳು.

ಆಮೇಲಿನ ಮೂರು ತಿಂಗಳು ನಾನು ಐರ್ವೆನ್‌ಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹಗಲು ಹೊತ್ತು. ಅವಳ ಗ್ಯಾಸ್ ಒಲೆಯ ಗುಬಟು ಕಿತ್ತು ನನ್ನ ಏಪ್ರನ್ ಜೇಬಿನಲ್ಲಿಟ್ಟುಕೊಂಡೆ. ಅವಳಿಗೆ ಸೂಪು ಕೊಟ್ಟೆ, ಬೂಟಿನ ಲೇಸು ಕಟ್ಟಿದೆ. ಇದ್ರಿಸ್ ಇನ್ನೂ ಪಾಳಿ ಮುಗಿಸಿ ಬಂದಿಲ್ಲವಾ ಅಂತ ಅವಳು ಕೇಳಿದಾಗ ಇನ್ನೇನು ಬರುತ್ತಾನೆ ಅಂದೆ. ಅವಳಿಗೆ ಹೇಳಿದ್ದು ಸುಳ್ಳಾದರೂ ಆ ಕ್ಷಣ ನನಗೆ ಹಿತವಾಗಿತ್ತು. ಸೋಮವಾರ ಬಂದರೆ ಅವಳ ಉಣ್ಣೆಯ ಗಂಟು ಇಸಿದುಕೊಂಡು ಬಂದು ಚೌಕ ಮಾಡುತ್ತಿದ್ದೆ. ಅವಳು ಮಾತ್ರ ಪ್ರತಿ ಸೋಮವಾರ ಕೇಳುವಳು, ಹೋದ ವಾರದ್ದು ಸರಿ ಇತ್ತಾ? ಸರಿ ಇತ್ತು ಅನ್ನುವೆ. ಕೇಳುವಾಗ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಡಾಕ್ಟರ ಎದುರು ಕೂತವರು ನೋಡುವ ಹಾಗೆ.

ಜನವರಿ ಹದಿನಾಲ್ಕು. ಏಳಕ್ಕೆ ಗೋಡೆ ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ, ಚಮಚದ ಹಿಡಿ ಬಗ್ಗುವವರೆಗೆ ತಟ್ಟಿದೆ. ಹಿತ್ತಿಲಿಗೆ ಓಡಿದರೆ ಅವಳ ಬಾಗಿಲು ತೆರೆದಿತ್ತು, ಕೋಟು ಮೊಳೆಯಲ್ಲೇ ನೇತಾಡುತ್ತಿತ್ತು. ನಮ್ಮ ಹಿತ್ತಿಲ ಗೇಟುಗಳು ಒಂದು ಓಣಿಗೆ ತೆರೆಯುತ್ತವೆ. ಅವಳ ಗೇಟು ದಾಟಿ ಬಲಕ್ಕೆ ತಿರುಗಿದರೆ ಎಂಟು ಹೆಜ್ಜೆಗೆ ನನ್ನ ಗೇಟು. ಎಡಕ್ಕೆ ತಿರುಗಿದರೆ ಕಲ್ಲಿದ್ದಲ ಬಂಡಿಗಳು ಓಡಾಡುತ್ತಿದ್ದ ಹಳೆಯ ಏರುದಾರಿ, ಬೆಟ್ಟಕ್ಕೆ ಹೋಗುತ್ತದೆ. ಅವಳು ಎಡಕ್ಕೆ ತಿರುಗಿದ್ದಳು.

ನಾನೇ ಕಂಡದ್ದು. ಏರಿನ ಮೊದಲ ತಿರುವಿನಲ್ಲಿ, ಚರಂಡಿಯೊಳಗೆ, ರಾತ್ರಿಯುಡುಪಿನಲ್ಲಿ, ಒಂದು ಕಾಲು ಮಡಿಸಬಾರದ ಕಡೆ ಮಡಿಸಿಕೊಂಡು ಬಿದ್ದಿದ್ದಳು. ಹುಲ್ಲಿನ ಮೇಲಿದ್ದ ಹಿಮವೇ ಅವಳ ಕೂದಲ ಮೇಲೂ ಇತ್ತು. ಉಸಿರಿತ್ತು. ಮುಷ್ಟಿಯಲ್ಲಿ ಉಣ್ಣೆ. ನಲವತ್ತೊಂಬತ್ತನೆಯ ಚೌಕ, ಮೂರು ಮೂಲೆಯದು, ಬಟ್ಟಲಾಗಿ ಮುದುಡಿದ್ದು, ಹಿಮಕ್ಕೆ ಗಟ್ಟಿಯಾಗಿತ್ತು. ನನ್ನ ಕೋಟು ಬಿಚ್ಚಿ ಹೊದಿಸುವಾಗ ಅವಳು ಕಣ್ಣು ತೆರೆದಳು.

"ನಿನಗೆ ತೋರ್ಸೋಣ ಅಂತ ಬಂದೆ" ಅಂದಳು. "ಇದು ಸರಿ ಇದೆಯೇನೇ ಮೆನ್ನಾ?"

ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಆಮೇಲೆ ಎದೆಗೆ ಕಫ ಕಟ್ಟಿತು, ಆರು ವಾರ ಆಸ್ಪತ್ರೆ. ಅಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಮರೆವು ಶುರುವಾಗಿ ಒಂದು ವರ್ಷವಾದರೂ ಆಗಿದೆ, ಮೊದಲೇ ತಂದಿದ್ದರೆ ಮಾತ್ರೆ ಕೊಟ್ಟು ಸ್ವಲ್ಪ ತಡೆಯಬಹುದಿತ್ತು, ಮುಖ್ಯವಾಗಿ ಒಬ್ಬರನ್ನೇ ಬಿಡಬಾರದಿತ್ತು ಅಂದರು. ಇನ್ನು ನಡೆಯುವುದಿಲ್ಲ, ಎತ್ತಿ ಕೂರಿಸಲು ಇಬ್ಬರು ಬೇಕು, ಮನೆಯಲ್ಲಿ ಆಗದ ಮಾತು, ನರ್ಸಿಂಗ್ ಹೋಮೇ ಗತಿ ಅಂದರು. ನೆರಿಸ್ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು, ಚೌಕಗಳು ಅಷ್ಟು ಚೆನ್ನಾಗಿದ್ದವಲ್ಲ ಆಂಟಿ, ನನಗೆ ಹೇಗೆ ಗೊತ್ತಾಗಬೇಕಿತ್ತು ಅಂತ ಅತ್ತಳು. ಹೂಂ ಅಂದೆ. ಅವಳೆದುರು ಎರಡನೇ ಸಲ ನಿಜ ಮುಚ್ಚಿಟ್ಟೆ.

ಹೊದಿಕೆಯಾದರೂ ಮುಗಿಸಿ ಕೊಡಿ, ಅಮ್ಮನ ಮಂಚಕ್ಕೆ ಹಾಕೋಣ ಅಂತ ನೆರಿಸ್ ಕೇಳಿಕೊಂಡಳು. ಚರಂಡಿಯಲ್ಲಿ ಸಿಕ್ಕ ಆ ಮೂರು ಮೂಲೆಯದನ್ನು ಒಲೆಯ ಪಕ್ಕ ಒಣಗಿಸಿದೆ. ಅದನ್ನು ಹಾಗೇ ಬಿಡಬಹುದಿತ್ತು. ಬಿಚ್ಚಿದೆ. ಹಬೆಗೆ ಹಿಡಿದು ನಾಲ್ಕು ಮೂಲೆ ಹಾಕಿದೆ. ಥೂ, ಎಂಥ ಹೆಂಗಸು ನಾನು ಅನ್ನಿಸಿತು, ಆದರೂ ಕೈ ನಿಲ್ಲಲಿಲ್ಲ.

ಮಾರ್ಚ್ ಒಂದನೇ ತಾರೀಖು, ನಮ್ಮ ಸಂತ ಡೇವಿಡ್‌ನ ಹಬ್ಬ. ಡ್ಯಾಫೊಡಿಲ್ ಹೂವಿನ ಕಟ್ಟು ಹಿಡಿದುಕೊಂಡು ನರ್ಸಿಂಗ್ ಹೋಮಿಗೆ ಹೋದೆ. ನೆರಿಸ್ ಆಗಲೇ ಅಲ್ಲಿದ್ದಳು, ಅಮ್ಮನಿಗೆ ಕೇಕು ಮುರಿದು ಮುರಿದು ತಿನ್ನಿಸುತ್ತಿದ್ದಳು. ಐರ್ವೆನ್ ದಿಂಬಿಗೆ ಒರಗಿ ಕೂತಿದ್ದಳು, ಹೊದಿಕೆ ಸೊಂಟದವರೆಗೆ. ನನ್ನನ್ನು ನೋಡಿ, ನರ್ಸಮ್ಮ ಬಂದ್ರಾ ಅಂತ ಜಾಗ ತೋರಿಸಿದಳು. ನಾನು ಕೂತೆ. ಅವಳ ಬೆರಳು ಹೊದಿಕೆಯ ಮೇಲೆ ಓಡಾಡುತ್ತಿತ್ತು. ಒಂದು ಚೌಕ ಮುಟ್ಟಿ, ಇನ್ನೊಂದು ಮುಟ್ಟಿ, ತಲೆಯಾಡಿಸಿದಳು.

"ಇದು ನನ್ನ ಕೈದಲ್ಲ."

"ನಿಮ್ದೇ ಅಮ್ಮ, ಎಲ್ಲಾ ನೀವೇ ಹಾಕಿದ್ದು. ಹಳದಿ ನೋಡಿ" ಅಂದಳು ನೆರಿಸ್.

"ಹಳದಿ ನಂದು. ಕೈ ನಂದಲ್ಲ. ಮುಟ್ಟಿ ನೋಡು ಎಷ್ಟು ಬಿಗಿ ಅಂತ. ಇದು ಮೆನ್ನಾ ಕೈ." ಮೊದಲ ಸಾಲಿಗೆ ಬೆರಳು ತಂದು ಎರಡನೇ ಸಾಲಿನ ನಡುವಿನವರೆಗೆ ಮೆಲ್ಲಗೆ ಸವರಿದಳು. "ಇವು ನಂದು. ಇಲ್ಲೀವರೆಗೆ."

ದಪ್ಪ ಕಡ್ಡಿ ಹಿಡಿದು ನಾನು ಚಾಪೆಲ್ಲಿನವರ ಕಣ್ಣಿಗೆ, ನೆರಿಸ್‌ಳ ಕಣ್ಣಿಗೆ ಮಣ್ಣೆರಚಿದ್ದೆ. ಎಲ್ಲ ಮರೆತ ಮೇಲೂ ಇವಳ ಬೆರಳು ಮರೆತಿರಲಿಲ್ಲ. ನೆರಿಸ್ ಕೇಕಿನ ತಟ್ಟೆ ಕೆಳಗಿಟ್ಟಳು. ಹೊದಿಕೆಯ ಅಂಚು ಎತ್ತಿ ಮೊದಲ ಸಾಲಿನ ಚೌಕ ಒಂದು, ಕೊನೆಯ ಸಾಲಿನದೊಂದು, ಎರಡನ್ನೂ ಬೆರಳಲ್ಲಿ ಹಿಡಿದು ಹೊಸಕಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎಷ್ಟು?"

"ಮೂವತ್ತೆಂಟು" ಅಂದೆ.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ತನ್ನ ಕುರ್ಚಿಯನ್ನು ನನ್ನಿಂದ ಒಂದು ಮೊಳ ಆಚೆಗೆ ಎಳೆದುಕೊಂಡಳು, ಅಷ್ಟೇ. ನಾನು ತಂದ ಹೂವು ಇನ್ನೂ ನನ್ನ ತೊಡೆಯ ಮೇಲೇ ಇತ್ತು.

ಐರ್ವೆನ್ ನಮ್ಮಿಬ್ಬರನ್ನೂ ನೋಡಲಿಲ್ಲ. ನನ್ನ ಮೊಣಕೈ ತಟ್ಟಿ ದನಿ ತಗ್ಗಿಸಿದಳು. "ನರ್ಸಮ್ಮ, ಒಂದುಪಕಾರ ಮಾಡ್ತೀರಾ? ನಮ್ಮ ಪಕ್ಕದ ಮನೇಲಿ ಮೆನ್ನಾ ಅಂತ ಇದ್ದಾಳೆ. ನನ್ನ ಚೌಕ ನೋಡಿದ್ಲಾ ಕೇಳಿ. ತಪ್ಪಿದ್ರೆ ಅವಳು ಹೇಳ್ತಾಳೆ, ಬಿಡೋಳಲ್ಲ. ಯಾಕೋ ಇನ್ನೂ ಹೇಳಿಲ್ಲ. ಕಾಯ್ತಾ ಇದ್ದೀನಿ."

ಫ್ಯಾಕ್ಟರಿಯಲ್ಲಿ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು, ಚಾಪೆಲ್ಲಿನಲ್ಲಿ ಎಲ್ಲರಿಗೂ ಹೇಳಿದ ಮಾತು. ಅವಳೊಬ್ಬಳಿಗೆ ಹೇಳಲಿಲ್ಲ.

"ನೋಡಿದೆ ಐರ್ವೆನ್" ಅಂದೆ. "ಸರಿ ಇಲ್ಲ."

ಅವಳು ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ ದೇವರಿಗೇ ಗೊತ್ತು. ಬೇಜಾರೂ ಮಾಡಿಕೊಳ್ಳಲಿಲ್ಲ. ಕೆಲಸ ಮುಗಿದವರ ಹಾಗೆ ಹೊದಿಕೆಯನ್ನು ಕಾಲಿನಿಂದ ಸರಿಸಲು ನೋಡಿದಳು, ಕಾಲು ಏಳಲಿಲ್ಲ.

"ಹಾಗಾದ್ರೆ ನನ್ನ ಕೋಟು ಕೊಡಿ" ಅಂದಳು. "ಮಗಳ ಮನೆಗೆ ಹೋಗ್ಬೇಕು. ಮಾತು ಕೊಟ್ಟಿದ್ದೀನಿ."

ಆ ಕೋಟನ್ನು ನೆರಿಸ್ ಫೆಬ್ರವರಿಯಲ್ಲೇ ಚಾಪೆಲ್ಲಿಗೆ ದಾನ ಕೊಟ್ಟಿದ್ದಳು.